68ರ ಅಮ್ಮನ ಮಂಡಿಯ ಲಿಗಮೆಂಟ್ ಹರಿದಿದೆ, ಆಪರೇಷನ್ ಮಾಡಿಸಬೇಕಾ?

ಪ್ರಶ್ನೆ: ಡಾಕ್ಟರೇ, ನನ್ನ ತಾಯಿಗೆ 68 ವರ್ಷ. ಎರಡು ತಿಂಗಳ ಹಿಂದೆ ಮೆಟ್ಟಿಲು ಇಳಿಯುವಾಗ, ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟರು, ಇನ್ನೊಂದು ಬಾಕಿ ಇತ್ತು. ಮಂಡಿ ತಿರುಚಿಕೊಂಡು ಬಿದ್ದರು. ಒಳಗೆ ಏನೋ "ಟಪ್" ಅಂತ ಕಿತ್ತ ಹಾಗಾಯಿತು ಅನ್ನುತ್ತಾರೆ. ರಾತ್ರಿಯೊಳಗೆ ಮಂಡಿ ಊದಿಕೊಂಡಿತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ. ಎಂಆರ್‌ಐ ರಿಪೋರ್ಟಿನಲ್ಲಿ ಎಸಿಎಲ್ ಅನ್ನುವ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ನಾರು) ಪೂರ್ತಿ ಹರಿದಿದೆ, ಇನ್ನೊಂದು ಲಿಗಮೆಂಟಾದ ಎಂಸಿಎಲ್‌ಗೆ ಎರಡನೇ ಗ್ರೇಡಿನ (ಅರ್ಧಂಬರ್ಧ ಹರಿದ) ಪೆಟ್ಟು, ಒಳಬದಿಯ ಮೆನಿಸ್ಕಸ್ (ಮಂಡಿಯ ಎರಡು ಮೂಳೆಗಳ ನಡುವಿನ ಮೆತ್ತೆ) ಹರಿದಿದೆ, ಸವೆತ ಶುರುವಾಗಿದೆ ಅಂತಿದೆ. ಒಬ್ಬ ಡಾಕ್ಟರು ಬೇಗ ಆಪರೇಷನ್ ಮಾಡಿಸಿ, ಇಲ್ಲದಿದ್ದರೆ ಮಂಡಿ ಸವೆದುಹೋಗುತ್ತದೆ ಅಂದರು. ಇನ್ನೊಬ್ಬರು ಈ ವಯಸ್ಸಿಗೆ ಲಿಗಮೆಂಟ್ ಆಪರೇಷನ್ ಮಾಡುವುದೇ ಇಲ್ಲ ಅಂದರು. ಮಂಡಿಯನ್ನೇ ಬದಲಿಸಿಬಿಡಿ ಅನ್ನುವವರೂ ಇದ್ದಾರೆ. ಶುಗರ್, ಬಿಪಿ ಇದೆ, ರಕ್ತ ತೆಳು ಮಾಡುವ ಮಾತ್ರೆಯೂ ನಡೆಯುತ್ತಿದೆ. ಈಗ ಊತ ಇಳಿದಿದೆ, ಮನೆಯೊಳಗೆ ನಡೆಯುತ್ತಾರೆ, ಮೆಟ್ಟಿಲು ಇಳಿಯಲು ಮಾತ್ರ ಭಯ. ಎರಡು ಸಲ ಮಂಡಿ ಜಾರಿದ ಹಾಗಾಯಿತಂತೆ. ಯಾರ ಮಾತು ಕೇಳಬೇಕು?

ಉತ್ತರ: ಪತ್ರದ ಕೊನೆಯಲ್ಲಿ, ಸುಮ್ನೆ ಸೇರಿಸಿದ ಹಾಗೆ, "ಎರಡು ಸಲ ಮಂಡಿ ಜಾರಿದ ಹಾಗಾಯಿತಂತೆ" ಅಂತ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಆಪರೇಷನ್ ಬೇಕೋ ಬೇಡವೋ ಅಂತ ಕೊನೆಗೆ ತೀರ್ಮಾನ ಮಾಡುವುದು ಆ ಒಂದು ಸಾಲು. ವಯಸ್ಸು ಆಮೇಲೆ, ಎಂಆರ್‌ಐ ಇನ್ನೂ ಆಮೇಲೆ.

ಅದಕ್ಕೂ ಮೊದಲು ನಿಮ್ಮ ಗಾಬರಿ ಸ್ವಲ್ಪ ಇಳಿಸಬೇಕು. ಎರಡು ತಿಂಗಳಾಯಿತು, ತಡವಾಯಿತೇನೋ ಅನ್ನುವ ಭಯ ಪತ್ರದುದ್ದಕ್ಕೂ ಕಾಣುತ್ತದೆ. ತಡವಾಗಿಲ್ಲ. ಎಸಿಎಲ್ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಹರಿದ ತುದಿಗಳನ್ನು ಹಿಡಿದು ಹೊಲಿಯುವುದಿಲ್ಲ, ಬೇರೆ ಕಡೆಯಿಂದ ನಾರು ತಂದು ಹೊಸ ಲಿಗಮೆಂಟನ್ನೇ ಕೂರಿಸುತ್ತೇವೆ. ಅದನ್ನು ಎರಡನೇ ತಿಂಗಳಲ್ಲೂ ಮಾಡಬಹುದು, ಎಂಟನೇ ತಿಂಗಳಲ್ಲೂ ಮಾಡಬಹುದು. ಹಾಗೆ ನೋಡಿದರೆ ಊದಿಕೊಂಡ, ಬಿಗಿದುಕೊಂಡ ಮಂಡಿಗೆ ಅವಸರದಲ್ಲಿ ಕೈ ಹಾಕಿದರೇ ಕಷ್ಟ, ಆಮೇಲೆ ಅದು ಮಡಚಲೂ ಬರುವುದಿಲ್ಲ, ನೆಟ್ಟಗೂ ಆಗುವುದಿಲ್ಲ. ಇಪ್ಪತ್ತರ ಹುಡುಗರಿಗೂ ಊತ ಇಳಿದು ಮಂಡಿ ಪೂರ್ತಿ ನೆಟ್ಟಗಾಗುವವರೆಗೆ ಕಾಯುತ್ತೇವೆ.

ಇನ್ನು ಆ ಇಬ್ಬರು ಡಾಕ್ಟರು. ಇಬ್ಬರೂ ಸುಳ್ಳು ಹೇಳಿಲ್ಲ. ಮೊದಲನೆಯವರ ಮನಸ್ಸಿನಲ್ಲಿ ಆಟ ಆಡುವ ಹುಡುಗರ ಮಂಡಿ ಇದೆ, ಎರಡನೆಯವರ ಮನಸ್ಸಿನಲ್ಲಿ ಹಳೆಯ ನಿಯಮ ಇದೆ. ನಾವು ಓದುವ ಕಾಲಕ್ಕೆ 40 ದಾಟಿದವರಿಗೆ ಎಸಿಎಲ್ ಆಪರೇಷನ್ ಬೇಡ ಅಂತಲೇ ಹೇಳಿಕೊಡುತ್ತಿದ್ದರು. ಈಗ ಆ ಗೆರೆ ಅಳಿಸಿದೆ. 60 ದಾಟಿದವರಿಗೂ, ಆರಿಸಿ ಮಾಡಿದರೆ, ಚೆನ್ನಾಗಿ ಆಗುತ್ತದೆ. ಆರಿಸುವುದು ಹೇಗೆ ಅನ್ನುವುದೇ ಇಲ್ಲಿರುವ ತಲೆನೋವು.

ಮಂಡಿಯ ಒಳಗೆ ಏನಾಗಿದೆ ಅಂತ ಸ್ವಲ್ಪ ನೋಡೋಣ. ಎಸಿಎಲ್ ಅಂದರೆ ಮಂಡಿಯ ನಡುವೆ ಓರೆಯಾಗಿ ಕೂತ ಸುಮಾರು 3 ಸೆಂಟಿಮೀಟರ್ ಉದ್ದದ ಹಗ್ಗ, ಕಿರುಬೆರಳಿನಷ್ಟು ದಪ್ಪ. ಕೆಳಗಿನ ಮೂಳೆ ತೊಡೆ ಮೂಳೆಯ ಅಡಿಯಿಂದ ಮುಂದಕ್ಕೆ ಜಾರದಂತೆ, ಅಡ್ಡಾದಿಡ್ಡಿ ತಿರುಗದಂತೆ ಹಿಡಿಯುವುದು ಅದರ ಕೆಲಸ. ನೆಟ್ಟಗೆ ನಡೆಯುವಾಗ ಅದಕ್ಕೆ ಅಂಥ ಕೆಲಸವೇ ಇಲ್ಲ. ಓಡುತ್ತಾ ತಟ್ಟನೆ ದಿಕ್ಕು ಬದಲಿಸುವಾಗ, ಒಂದೇ ಕಾಲ ಮೇಲೆ ತಿರುಗುವಾಗ, ಜಿಗಿದು ನೆಲಕ್ಕೆ ಬೀಳುವಾಗ ಅದು ಬೇಕು. ಎಂಸಿಎಲ್ ಮಂಡಿಯ ಒಳಬದಿಯಲ್ಲಿ, ಕೀಲಿನ ಹೊರಗಡೆ ಇರುವ ಅಗಲವಾದ ಪಟ್ಟಿ. ಅದರ ಸುತ್ತ ರಕ್ತ ಚೆನ್ನಾಗಿ ಓಡಾಡುತ್ತದೆ, ಹಾಗಾಗಿ ಎರಡನೇ ಗ್ರೇಡಿನ ಪೆಟ್ಟು ಬ್ರೇಸ್ ಹಾಕಿಕೊಂಡರೆ ನಾಲ್ಕರಿಂದ ಆರು ವಾರದಲ್ಲಿ ತಾನೇ ಕೂಡಿಕೊಳ್ಳುತ್ತದೆ. ನಿಮ್ಮ ತಾಯಿಯದು ಇಷ್ಟು ಹೊತ್ತಿಗೆ ಬಹುಪಾಲು ಕೂಡಿರಬೇಕು. ಎಸಿಎಲ್ ಮಾತ್ರ ಕೀಲಿನ ನೀರಿನ ನಡುವೆ ಇದೆ. ಗಾಯದ ಮೇಲೆ ರಕ್ತ ಹೆಪ್ಪುಗಟ್ಟಿ ಎರಡು ತುದಿಗಳ ನಡುವೆ ಸೇತುವೆ ಆಗಬೇಕಲ್ಲ, ಆ ನೀರು ಅದನ್ನು ನಿಲ್ಲಲು ಬಿಡುವುದಿಲ್ಲ.

ಹೊಲಿದುಬಿಡಬಹುದಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಆ ಯೋಚನೆ ಹೊಸದಲ್ಲ. 1895ರಲ್ಲೇ ಇಂಗ್ಲೆಂಡಿನ ಮೇಯೋ ರಾಬ್ಸನ್ ಅನ್ನುವ ಸರ್ಜನ್ 41 ವರ್ಷದ ಒಬ್ಬ ಗಣಿ ಕೆಲಸಗಾರನ ಮಂಡಿ ಬಿಚ್ಚಿ ಈ ಲಿಗಮೆಂಟನ್ನು ಹೊಲಿದಿದ್ದರು. ಆಮೇಲಿನ ದಶಕಗಳಲ್ಲಿ ಹೊಲಿಗೆ ಹಾಕಿದವರಲ್ಲಿ ಬಹಳ ಮಂದಿಗೆ ಕೆಲವೇ ವರ್ಷದಲ್ಲಿ ಅದು ಸಡಿಲವಾಯಿತು. ಅದಕ್ಕೇ ಹೊಸ ನಾರು ಕೂರಿಸುವ ದಾರಿ ಹಿಡಿದಿದ್ದು. ಲಿಗಮೆಂಟ್ ತೊಡೆ ಮೂಳೆಯ ಬುಡದಿಂದಲೇ ಸೀದಾ ಕಿತ್ತು ಬಂದಿದ್ದರೆ ಈಗ ಮತ್ತೆ ಕೆಲವರಿಗೆ ಹೊಲಿಯುತ್ತಾರೆ, ಆದರೆ ಅದು ಗಾಯವಾದ ಹೊಸತರಲ್ಲಿ ಆಗಬೇಕಾದ ಕೆಲಸ, ಎರಡು ತಿಂಗಳ ಮೇಲೆ ಅದರ ಮಾತು ಬೇಡ.

ಈಗ "ಜಾರುವುದು". ಮಂಡಿ ಕೈಕೊಟ್ಟಿತು ಅಂತ ಹೇಳುವವರಲ್ಲಿ ಎರಡು ಥರ ಇದೆ. ಒಂದು ನಿಜವಾದ ಜಾರುವಿಕೆ. ತಿರುಗುವಾಗಲೋ ಪಕ್ಕಕ್ಕೆ ಹೆಜ್ಜೆ ಇಡುವಾಗಲೋ ಕೆಳಗಿನ ಮೂಳೆ ಮುಂದಕ್ಕೆ ಸರಿದು ಮತ್ತೆ ಜಾಗಕ್ಕೆ ಬಂದು ಕೂರುತ್ತದೆ. ಮುಂಚೆ ನೋವಿರುವುದಿಲ್ಲ, ಜಾರಿದ ಮೇಲೆ ನೋವು, ಎಷ್ಟೋ ಸಲ ಊತ. ಇನ್ನೊಂದು ಕುಸಿಯುವುದು. ಮೆಟ್ಟಿಲು ಇಳಿಯುವಾಗ, ಕುರ್ಚಿಯಿಂದ ಏಳುವಾಗ ಮಂಡಿ ಮುಂದಕ್ಕೆ ಮಡಚಿಕೊಂಡು ಬಿಡುತ್ತದೆ. ಲಿಗಮೆಂಟಿಗೂ ಇದಕ್ಕೂ ಸಂಬಂಧ ಕಡಿಮೆ. ತೊಡೆಯ ಮುಂಭಾಗದ ಸ್ನಾಯು ಸೋತಿರುತ್ತದೆ, ಅಷ್ಟೇ. ಮಂಡಿಯಲ್ಲಿ ಸ್ವಲ್ಪ ನೀರು ತುಂಬಿದರೂ ಸಾಕು, ನರಮಂಡಲ ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ಅರ್ಧಕ್ಕೆ ತಡೆಹಿಡಿಯುತ್ತದೆ. ಮಂಡಿಯನ್ನು ಕಾಪಾಡಲು ದೇಹ ಮಾಡಿಕೊಂಡ ಏರ್ಪಾಡು, ವಯಸ್ಸಾದವರಲ್ಲಿ ಅದೇ ಉಲ್ಟಾ ಹೊಡೆಯುತ್ತದೆ.

ಯಾಕೆಂದರೆ ಹಿರಿಯರ ಸ್ನಾಯು ಹೋಗುವ ವೇಗವೇ ಬೇರೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ 67 ವರ್ಷದ, ಯಾವ ಕಾಯಿಲೆಯೂ ಇಲ್ಲದ 12 ಜನರನ್ನು ಬರೀ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದರು. ಕಾಲುಗಳಿಂದಲೇ ಹೆಚ್ಚುಕಡಿಮೆ 1 ಕೆಜಿ ಸ್ನಾಯು ಕರಗಿತ್ತು. ಹತ್ತೇ ದಿನಕ್ಕೆ! ನಿಮ್ಮ ತಾಯಿ ಬಿದ್ದ ಮೇಲೆ ಎಷ್ಟು ವಾರ ಮಲಗಿದ್ದರು ಅಂತ ನೀವು ಬರೆದಿಲ್ಲ. ಒಂದು ಅಳತೆ ಪಟ್ಟಿ ತಗೊಳ್ಳಿ. ಮಂಡಿಚಿಪ್ಪಿನ ಮೇಲಂಚಿನಿಂದ 10 ಸೆಂಟಿಮೀಟರ್ ಮೇಲಕ್ಕೆ ಎರಡೂ ತೊಡೆಯಲ್ಲಿ ಪೆನ್ನಿನಿಂದ ಗುರುತು ಮಾಡಿ, ಕಾಲು ಚಾಚಿ ಮಲಗಿರುವಾಗ ಸುತ್ತಳತೆ ತೆಗೆಯಿರಿ. ಪೆಟ್ಟಾದ ಕಡೆ 2 ಸೆಂಟಿಮೀಟರ್ ಕಡಿಮೆ ಬಂದರೆ ಆ ಮೆಟ್ಟಿಲಿನ ಭಯಕ್ಕೆ ಕಾರಣದ ಬಹುಪಾಲು ಅಲ್ಲೇ ಇದೆ. ಇದನ್ನು ಯಾವ ಆಪರೇಷನ್ನೂ ಸರಿಮಾಡುವುದಿಲ್ಲ. ಆಪರೇಷನ್ ಆದ ಮೇಲೆ ಅದು ಇನ್ನೂ ಕರಗುತ್ತದೆ.

ನನ್ನ ಹತ್ತಿರ ಬಂದಿದ್ದರೆ ಮೊದಲು ಮಲಗಿಸಿ, ಮಂಡಿಯ ಕೆಳಗೆ ಸಣ್ಣ ದಿಂಬಿಟ್ಟು, ಸುಮಾರು 20–30 ಡಿಗ್ರಿ ಮಡಚಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಕೆಳಗಾಲನ್ನು ಮುಂದಕ್ಕೆ ಎಳೆದು ನೋಡುತ್ತಿದ್ದೆ. ಲ್ಯಾಕ್‌ಮನ್ ಪರೀಕ್ಷೆ ಅಂತಾರೆ. ಲಿಗಮೆಂಟ್ ಚೆನ್ನಾಗಿದ್ದರೆ ಎಳೆದ ಹಗ್ಗ ಬಿಗಿಯಾದ ಹಾಗೆ "ಟಕ್" ಅಂತ ನಿಲ್ಲುತ್ತದೆ. ಹೋಗಿದ್ದರೆ ಮೆತ್ತಗೆ ಬರುತ್ತಲೇ ಇರುತ್ತದೆ. ಹಿರಿಯರು ನೋವಿನ ಭಯಕ್ಕೆ ತೊಡೆ ಬಿಗಿಹಿಡಿದಿರುತ್ತಾರೆ, ಹಾಗಾಗಿ ಮೊಮ್ಮಕ್ಕಳ ವಿಷಯ ಎತ್ತಿ ಮಾತಾಡಿಸುತ್ತಾ ಕೂತಿರಬೇಕು, ಐದು ನಿಮಿಷಕ್ಕೆ ತೊಡೆ ಸಡಿಲವಾಗುತ್ತದೆ, ಆಗ ನಿಜ ಗೊತ್ತಾಗುತ್ತದೆ. ಈ ಐದು ನಿಮಿಷ ಯಾರಾದರೂ ಕೊಟ್ಟರಾ ಅಂತ ತಾಯಿಯನ್ನು ಕೇಳಿ. ರಿಪೋರ್ಟ್ ನೋಡಿಯೇ ಆಪರೇಷನ್ ದಿನ ಕೊಟ್ಟವರಿದ್ದಾರೆ, ಅದು ನನಗೆ ಸರಿ ಅನಿಸುವುದಿಲ್ಲ.

ಯಾಕೆ ಅಂದರೆ 60 ದಾಟಿದವರ ಎಂಆರ್‌ಐ ಜಾಸ್ತಿ ಮಾತಾಡುತ್ತದೆ. ವಯಸ್ಸಿಗೆ ಎಸಿಎಲ್‌ನ ಎಳೆಗಳ ನಡುವೆ ಲೋಳೆಯಂಥ ಅಂಶ ಸೇರಿಕೊಂಡು ಅದು ದಪ್ಪವಾಗುವುದುಂಟು, ಫೋಟೋದಲ್ಲಿ ಹರಿದ ಹಾಗೆ ಕಾಣುತ್ತದೆ, ಕೈಯಿಂದ ಎಳೆದು ನೋಡಿದರೆ ಗಟ್ಟಿ. ಸವೆದ ಮಂಡಿಗಳಲ್ಲಿ ಬೀಳದೆ ಏಳದೆ, ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಎಸಿಎಲ್ ತೆಳುವಾಗಿ ಹೋಗಿರುವುದೂ ಇದೆ. ನಿಮ್ಮ ತಾಯಿಯ ವಿಷಯದಲ್ಲಿ "ಟಪ್" ಅನ್ನುವ ಅನುಭವ, ಗಂಟೆಗಳೊಳಗೆ ಬಂದ ಊತ ಎರಡೂ ಬಿದ್ದಾಗಲೇ ಹರಿದದ್ದು ಅನ್ನುತ್ತಿವೆ, ಅದನ್ನು ಒಪ್ಪುತ್ತೇನೆ. ಆದರೂ ಕೈ ಮತ್ತು ಫೋಟೋ ಒಂದೇ ಮಾತು ಹೇಳಬೇಕು.

ಮೆನಿಸ್ಕಸ್ ಹರಿದಿದೆ ಅನ್ನುವ ಸಾಲು ನೋಡಿ ಮಕ್ಕಳು ಹೆದರುವಷ್ಟು ಇನ್ಯಾವುದಕ್ಕೂ ಹೆದರುವುದಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50ರಿಂದ 90 ವರ್ಷದ 991 ಜನರ ಮಂಡಿಗೆ, ನೋವಿದೆಯೋ ಇಲ್ಲವೋ ನೋಡದೆ, ಎಂಆರ್‌ಐ ಮಾಡಿದ್ದರು. 2008ರಲ್ಲಿ ಅದರ ಲೆಕ್ಕ ಬಂತು. 70 ದಾಟಿದ ಗಂಡಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮೆನಿಸ್ಕಸ್ ಹರಿದಿತ್ತು ಇಲ್ಲವೇ ನಾಶವಾಗಿತ್ತು. ಎಲ್ಲ ವಯಸ್ಸೂ ಸೇರಿಸಿ, ಹರಿದವರಲ್ಲಿ ಶೇ. 61 ಮಂದಿಗೆ ಹಿಂದಿನ ಒಂದು ತಿಂಗಳು ಮಂಡಿನೋವೇ ಇರಲಿಲ್ಲ. ಅಂದರೆ ನಿಮ್ಮ ತಾಯಿಯ ಮೆನಿಸ್ಕಸ್ ಬೀಳುವ ಮೊದಲೇ ಹರಿದಿರಬಹುದು, ಕೂದಲು ನೆರೆತ ಹಾಗೆ. ಫಿನ್ಲೆಂಡಿನವರು ಇನ್ನೂ ಮುಂದೆ ಹೋದರು. ವಯಸ್ಸಿನಿಂದ ಹರಿದ ಮೆನಿಸ್ಕಸ್ ಇರುವ 146 ಜನರಲ್ಲಿ ಅರ್ಧ ಜನರಿಗೆ ಅದನ್ನು ಕತ್ತರಿಸಿ ತೆಗೆದರು, ಉಳಿದವರಿಗೆ ಕತ್ತರಿಸಿದ ಹಾಗೆ ನಾಟಕ ಮಾಡಿದರು. 2013ರಲ್ಲಿ ಫಲಿತಾಂಶ ಬಂತು: ವರ್ಷದ ಮೇಲೆ ಇಬ್ಬರದೂ ಒಂದೇ ಸ್ಥಿತಿ. ಹಾಗಾಗಿ ಎಸಿಎಲ್ ಬೇಡ, ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಮೆನಿಸ್ಕಸ್ ಮಾತ್ರ ಕ್ಲೀನ್ ಮಾಡಿಬಿಡೋಣ ಅಂತ ಯಾರಾದರೂ ಅಂದರೆ ಏನು ಲಾಭ ಅಂತ ಕೇಳಿ. ಮಂಡಿ ಒಂದು ಕೋನದಲ್ಲಿ ಸಿಕ್ಕಿಹಾಕಿಕೊಂಡು ನೆಟ್ಟಗೇ ಆಗುತ್ತಿಲ್ಲ ಅಂದರೆ ಅದು ಬೇರೆ ಮಾತು. ಮೆನಿಸ್ಕಸ್ ಬುಡದಿಂದಲೇ ಕಿತ್ತಿದೆ ಅಂತ ರಿಪೋರ್ಟಿನಲ್ಲಿದ್ದರೂ ಬೇರೆ ಮಾತು, ಅದು ಮಂಡಿಯನ್ನು ಬೇಗ ಸವೆಸುತ್ತದೆ.

ನಿಮ್ಮ ಪತ್ರದಲ್ಲಿ ಇಲ್ಲದ, ನನಗೆ ಬೇಕಾದ ಫೋಟೋ ಇನ್ನೊಂದಿದೆ: ನಿಂತುಕೊಂಡು ತೆಗೆದ ಎಕ್ಸ್‌ರೇ. ಬಿದ್ದ ದಿನ ಮಲಗಿಸಿ ತೆಗೆದಿರುತ್ತಾರೆ. ಮಲಗಿದಾಗ ಎರಡು ಮೂಳೆಗಳ ನಡುವೆ ಜಾಗ ಚೆನ್ನಾಗೇ ಕಾಣುತ್ತದೆ. ನಿಂತು ಭಾರ ಹಾಕಿದಾಗ ಆ ಜಾಗ ಉಳಿಯುತ್ತದೋ, ಮೂಳೆಗೆ ಮೂಳೆ ತಾಗುತ್ತದೋ ಅನ್ನುವುದರ ಮೇಲೆ ಮುಂದಿನ ದಾರಿಯೇ ಬದಲಾಗುತ್ತದೆ. ಖರ್ಚಿನಲ್ಲಿ ಎಂಆರ್‌ಐ ಮುಂದೆ ಅದು ಏನೂ ಅಲ್ಲ, ಆದರೂ ಎಷ್ಟೋ ಜನರ ಫೈಲಿನಲ್ಲಿ ಅದೊಂದೇ ಇರುವುದಿಲ್ಲ.

ಅದು ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಒಬ್ಬರ ನೆನಪಾಗುತ್ತದೆ. 63 ವರ್ಷದ ಹೆಂಗಸು, ಬೇರೆ ಕಡೆ ಎಸಿಎಲ್ ಆಪರೇಷನ್ ಮಾಡಿಸಿಕೊಂಡು ವರ್ಷ ಆಗಿತ್ತು. ಎಳೆದು ನೋಡಿದೆ, ಲಿಗಮೆಂಟ್ ಕಲ್ಲಿನ ಹಾಗೆ ಗಟ್ಟಿ, ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಅವರು ಕುರ್ಚಿಯ ಕೈ ಹಿಡಿದು ಏಳುತ್ತಾ "ನೋವು ಹಾಗೇ ಇದೆಯಲ್ಲ ಡಾಕ್ಟರೇ" ಅಂದರು. ನಿಂತು ತೆಗೆದ ಎಕ್ಸ್‌ರೇಯಲ್ಲಿ ಒಳಬದಿ ಪೂರ್ತಿ ಸವೆದಿತ್ತು. ಅವರಿಗೆ ಮೊದಲಿಂದಲೂ ಇದ್ದದ್ದು ಸವೆತದ ನೋವು, ಸಿಕ್ಕಿದ್ದು ಜಾರುವಿಕೆಯ ಆಪರೇಷನ್. ಎಸಿಎಲ್ ಆಪರೇಷನ್ ಜಾರುವುದನ್ನು ನಿಲ್ಲಿಸುತ್ತದೆ, ಸವೆತದ ನೋವನ್ನು ನಿಲ್ಲಿಸುವುದಿಲ್ಲ. ನಿಮ್ಮ ತಾಯಿಗೆ ಮುಖ್ಯ ತೊಂದರೆ ಇವೆರಡರಲ್ಲಿ ಯಾವುದು ಅಂತ ಮೊದಲು ಅವರನ್ನೇ ಕೂರಿಸಿಕೊಂಡು ಕೇಳಿ.

ಬೇಗ ಮಾಡಿಸದಿದ್ದರೆ ಸವೆಯುತ್ತದೆ ಅನ್ನುವ ಮಾತಿನಲ್ಲಿ ಅರ್ಧ ನಿಜ ಇದೆ. ಮಂಡಿ ನಿಜವಾಗಿ ಜಾರುತ್ತಲೇ ಇದ್ದರೆ ಪ್ರತಿ ಸಲವೂ ಮೆನಿಸ್ಕಸ್, ಕಾರ್ಟಿಲೇಜ್ (ಮೂಳೆ ತುದಿಯ ನುಣುಪು ಹೊದಿಕೆ) ಅರೆದುಹೋಗುತ್ತವೆ. ಆದರೆ ಆಪರೇಷನ್ ಮಾಡಿಸಿದರೆ ಸವೆತ ಬರುವುದಿಲ್ಲ ಅನ್ನುವ ಭರವಸೆಯನ್ನು ಯಾರೂ ಕೊಡಲಾಗುವುದಿಲ್ಲ, ಮಾಡಿಸಿಕೊಂಡವರಲ್ಲೂ ಅದು ಬರುತ್ತದೆ. ಆಗಲೇ ಶುರುವಾದ ಸವೆತವನ್ನಂತೂ ಅದು ಹಿಂದಕ್ಕೆ ತಿರುಗಿಸುವುದಿಲ್ಲ.

ಹಾಗಾದರೆ ಲಿಗಮೆಂಟ್ ಇಲ್ಲದೆ ಬದುಕಬಹುದಾ? ಸ್ವೀಡನ್ನಿನಲ್ಲಿ 18ರಿಂದ 35 ವರ್ಷದ 121 ಚುರುಕಾದ ಯುವಕ ಯುವತಿಯರ ಮೇಲೆ ಇದನ್ನೇ ಪರೀಕ್ಷಿಸಿದರು. ಅರ್ಧ ಜನರಿಗೆ ಬೇಗ ಆಪರೇಷನ್, ಉಳಿದ 59 ಜನರಿಗೆ ಬರೀ ವ್ಯಾಯಾಮ, ಬೇಕಾದರೆ ಮಾತ್ರ ಆಮೇಲೆ ಆಪರೇಷನ್. ಎರಡು ವರ್ಷಕ್ಕೆ ಎರಡೂ ಗುಂಪಿನ ಮಂಡಿ ಹೆಚ್ಚುಕಡಿಮೆ ಒಂದೇ ಥರ ಇತ್ತು, ಆ 59ರಲ್ಲಿ ಆಪರೇಷನ್ ಬೇಕಾಗಿದ್ದು 23 ಜನರಿಗೆ. ಐದು ವರ್ಷಕ್ಕೆ ಅದು 30ಕ್ಕೆ ಹೋಯಿತು. ಓಡಿ ಆಡುವ ವಯಸ್ಸಿನವರಲ್ಲೇ ಅರ್ಧದಷ್ಟು ಜನ ಅದಿಲ್ಲದೆ ಸುಧಾರಿಸಿಕೊಂಡರು ಅಂತಾಯಿತು. ನೆಟ್ಟಗೆ ನಡೆಯುವ, ಮೆಟ್ಟಿಲು ಹತ್ತಿ ಇಳಿಯುವ, ಮನೆ ನೋಡಿಕೊಳ್ಳುವ 68ರ ಮಂಡಿಗೆ ಬೇಡಿಕೆ ಇನ್ನೂ ಕಡಿಮೆ. ನನ್ನ ಹತ್ತಿರ ಬರುವ ಈ ವಯಸ್ಸಿನವರಲ್ಲಿ ಬಹುಪಾಲು ಜನಕ್ಕೆ ಆಪರೇಷನ್ ಮಾಡದೆಯೇ ನಡೆದಿದೆ.

ನಿಮ್ಮ ತಾಯಿಗೆ ನಾನು ಮೊದಲು ಹೇಳುವುದು ಮೂರು ತಿಂಗಳು ಗಟ್ಟಿಯಾದ ವ್ಯಾಯಾಮ. ಗಟ್ಟಿ ಅಂದರೆ ಗಟ್ಟಿ. ಒಂದು ಮಷಿನ್ನಿನ ಕೆಳಗೆ ಹತ್ತು ನಿಮಿಷ ಮಲಗಿ ಬಿಸಿ ಕೊಡಿಸಿಕೊಂಡು ಬರುವುದನ್ನು ನಾನು ಫಿಸಿಯೋಥೆರಪಿ ಅನ್ನುವುದಿಲ್ಲ. ಮೊದಲು ಮಂಡಿ ಪೂರ್ತಿ ನೆಟ್ಟಗಾಗಬೇಕು: ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ ಐದು ಸೆಕೆಂಡ್ ಹಿಡಿಯುವುದು. ಮಂಡಿ ಮಡಚದೆ ಕಾಲು ಎತ್ತುವುದು. ಅದು ಸಲೀಸಾದ ಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಮೊದಲು ಎತ್ತರದ ಕುರ್ಚಿ, ಆಮೇಲೆ ತಗ್ಗಿನದು. ಆಮೇಲೆ ಒಂದು ಮೆಟ್ಟಿಲು ಹತ್ತಿ ಇಳಿಯುವುದು. ತೊಡೆಯ ಹಿಂಭಾಗದ ಸ್ನಾಯುವನ್ನು ಮರೆಯಬೇಡಿ, ಕೆಳಗಿನ ಮೂಳೆಯನ್ನು ಹಿಂದಕ್ಕೆ ಎಳೆದು ಹಿಡಿಯುವುದು ಅದೇ, ಎಸಿಎಲ್ ಕೆಲಸದಲ್ಲಿ ಪಾಲು ಹೊರುವುದು ಅದೇ. ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದೂ ಬೇಕು. ನೋವು ಸ್ವಲ್ಪ ಇರಲಿ, ಪರವಾಗಿಲ್ಲ, ಮಾರನೇ ದಿನ ಮಂಡಿ ಊದಿದರೆ ಮಾತ್ರ ಅವತ್ತು ಜಾಸ್ತಿಯಾಯಿತು ಅಂತ ಲೆಕ್ಕ.

ಕೋಲು ಹಿಡಿಯುವುದಾದರೆ ಪೆಟ್ಟಾಗದ ಕಡೆಯ ಕೈಯಲ್ಲಿ. ಹತ್ತರಲ್ಲಿ ಎಂಟು ಜನ ಪೆಟ್ಟಾದ ಕಡೆಯೇ ಹಿಡಿದು ಬರುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು, ಒಂದು ಕೈ ಕಂಬಿಯ ಮೇಲೆ. ನೀ ಕ್ಯಾಪ್ ಹಾಕಿಕೊಂಡರೆ ಧೈರ್ಯ ಬರುತ್ತದೆ, ಬೇಡ ಅನ್ನುವುದಿಲ್ಲ, ಆದರೆ ಮೂಳೆ ಜಾರುವುದನ್ನು ಆ ಬಟ್ಟೆ ಹಿಡಿಯುವುದಿಲ್ಲ. ಬಿಗಿಯಾಗಿ ಕಟ್ಟಿ ಕಾಲು ಊದಿಸಿಕೊಳ್ಳುವುದಂತೂ ಬೇಡವೇ ಬೇಡ.

ಈ ದಾರಿಯ ಅಪಾಯವನ್ನೂ ಹೇಳಬೇಕಲ್ಲ. ವ್ಯಾಯಾಮ ಸರಿಯಾಗಿ ಮಾಡಿ, ತೊಡೆ ತುಂಬಿಕೊಂಡ ಮೇಲೂ ಮಂಡಿ ತಿರುಗುವಾಗ ಜಾರುತ್ತಲೇ ಇದ್ದರೆ ಕಾಯುತ್ತಾ ಕೂರಬಾರದು. ಮಂಡಿ ಅರೆಯುವುದು ಒಂದು ಕಡೆ ಇರಲಿ, ಆ ವಯಸ್ಸಿನಲ್ಲಿ ಮತ್ತೆ ಬಿದ್ದು ಸೊಂಟದ ಕೀಲಿನ ಹತ್ತಿರ ತೊಡೆ ಮೂಳೆ ಮುರಿದರೆ ಅದರ ಮುಂದೆ ಎಸಿಎಲ್ ಏನೂ ಅಲ್ಲ.

ಆಗ ಎಸಿಎಲ್ ಆಪರೇಷನ್ ಮಾತು ಬರುತ್ತದೆ, ಅದೂ ನಿಂತ ಎಕ್ಸ್‌ರೇಯಲ್ಲಿ ಮಂಡಿಯೊಳಗೆ ಇನ್ನೂ ಜಾಗ ಇದ್ದರೆ. ತೊಡೆಯ ಹಿಂಭಾಗದಿಂದ ಒಂದೆರಡು ನಾರು ತೆಗೆದು, ಮಡಚಿ ದಪ್ಪ ಮಾಡಿ, ಎರಡೂ ಮೂಳೆಯಲ್ಲಿ ಸುರಂಗ ಕೊರೆದು, ಅದರೊಳಗೆ ಎಳೆದು ಕಟ್ಟುತ್ತೇವೆ. ಮಂಡಿಚಿಪ್ಪಿನ ಕೆಳಗಿನ ನಾರನ್ನೂ ಬಳಸುವುದುಂಟು, ಹಿರಿಯರಲ್ಲಿ ನಾನು ಅದನ್ನು ಇಷ್ಟಪಡುವುದಿಲ್ಲ, ಮುಂದೆ ಮಂಡಿಯೂರಿ ಕೂರಲು ನೋವಾಗುತ್ತದೆ. ದಾನಿಗಳ ನಾರು ಹುಡುಗರಲ್ಲಿ ಬೇಗ ಹರಿಯುತ್ತದೆ, ಹಿರಿಯರಲ್ಲಿ ಆ ಭಯ ಕಡಿಮೆ. ನಮ್ಮ ನಿಜವಾದ ತಲೆಬಿಸಿ ಮೂಳೆ. ಮೂಳೆ ಟೊಳ್ಳಾಗಿದ್ದರೆ ಸುರಂಗದೊಳಗಿನ ಸ್ಕ್ರೂ ಹಳೇ ಗೋಡೆಗೆ ಹೊಡೆದ ಮೊಳೆಯ ಹಾಗೆ, ಹಿಡಿತ ಸಾಲದು. ಅಂಥವರಿಗೆ ಮೂಳೆಯ ಹೊರಗಿನ ಗಟ್ಟಿ ಪದರಕ್ಕೆ ಆತುಕೊಳ್ಳುವ ಗುಂಡಿಯಂಥ ಸಾಧನ ಹಾಕುತ್ತೇವೆ, ಇಲ್ಲವೇ ಎರಡು ಕಡೆ ಬಿಗಿಯುತ್ತೇವೆ. ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿದ್ದಾರಾ ಕೇಳಿ.

ಆಪರೇಷನ್ ಒಂದೆರಡು ಗಂಟೆಯ ಕೆಲಸ. ಆಮೇಲಿನದು ತಿಂಗಳುಗಟ್ಟಲೆ. ಕೆಲವು ವಾರ ಊರುಗೋಲು ಅಥವಾ ವಾಕರ್. ಹೊಸ ನಾರು ಮೊದಲು ಸೊರಗಿ, ಆಮೇಲೆ ನಿಧಾನವಾಗಿ ಲಿಗಮೆಂಟಾಗಿ ಬದಲಾಗುತ್ತದೆ, ಎರಡು ಮೂರನೇ ತಿಂಗಳಲ್ಲಿ ನೋವು ಹೋಗಿ "ನಾನು ಹುಷಾರಾದೆ" ಅನಿಸುವ ಹೊತ್ತಿಗೇ ಅದು ಅತ್ಯಂತ ದುರ್ಬಲವಾಗಿರುತ್ತದೆ. ಪೂರ್ತಿ ನಂಬಿಕೆಯಿಂದ ಕಾಲಿಡಲು ಆರರಿಂದ ಒಂಬತ್ತು ತಿಂಗಳು. ಸೋಂಕು ನೂರಕ್ಕೆ ಒಬ್ಬರಿಗಿಂತ ಕಡಿಮೆ, ಆದರೆ ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಜಾಸ್ತಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8ರ ಒಳಗಿರಲಿ ಅಂತ ನಾನು ಕಾಯುತ್ತೇನೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಮಂಡಿ ಬಿಗಿದುಕೊಳ್ಳುವುದು ಇವೆರಡೂ ವಯಸ್ಸಿನ ಜೊತೆ ಹೆಚ್ಚುತ್ತವೆ.

ರಕ್ತ ತೆಳು ಮಾಡುವ ಮಾತ್ರೆ ಅಂದಿರಿ, ಯಾವುದು ಅಂತ ಬರೆದಿಲ್ಲ. ಅದು ಗೊತ್ತಾಗದೆ ಯಾರೂ ಮುಂದಕ್ಕೆ ಹೋಗಬಾರದು. ಬೆನ್ನಿಗೆ ಚುಚ್ಚಿ ಅರಿವಳಿಕೆ ಕೊಡುವಾಗ ಅಲ್ಲಿ ರಕ್ತಸ್ರಾವವಾದರೆ ಕಾಲಿನ ಶಕ್ತಿಯೇ ಹೋಗಬಹುದು. ಹಾಗಂತ ಮನೆಯಲ್ಲಿ ನೀವೇ ಮಾತ್ರೆ ನಿಲ್ಲಿಸಿಬಿಟ್ಟರೆ, ಹೃದಯದ ನಾಳದಲ್ಲಿ ಸ್ಟೆಂಟ್ ಇದ್ದರೆ ಅದು ಮುಚ್ಚಿಕೊಳ್ಳಬಹುದು. ಮಾತ್ರೆ ಬರೆದ ಡಾಕ್ಟರು, ಅರಿವಳಿಕೆ ಡಾಕ್ಟರು ಇಬ್ಬರೂ ಮಾತಾಡಿಕೊಂಡು ದಿನ ಹೇಳಬೇಕು.

ಇಷ್ಟೆಲ್ಲ ಇದ್ದೂ ಚೆನ್ನಾಗಿ ಆಗುವವರಿದ್ದಾರೆ. 71 ವರ್ಷದ ಒಬ್ಬರು, ವಾರಕ್ಕೆ ಮೂರು ದಿನ ಬ್ಯಾಡ್ಮಿಂಟನ್ ಆಡುವವರು, ನಾಲ್ಕು ತಿಂಗಳು ಶ್ರದ್ಧೆಯಿಂದ ವ್ಯಾಯಾಮ ಮಾಡಿ ಬಂದರು. ತೊಡೆ ನನ್ನದಕ್ಕಿಂತ ಗಟ್ಟಿಯಾಗಿತ್ತು. ಆದರೂ ಸುಮ್ನೆ ಹಿಂತಿರುಗಿ ಬಾಗಿಲು ಹಾಕುವಾಗಲೂ ಮಂಡಿ ಜಾರುತ್ತಿತ್ತು. ಎಕ್ಸ್‌ರೇ ಚೆನ್ನಾಗಿತ್ತು. ಆಪರೇಷನ್ ಮಾಡಿದೆವು, ವರ್ಷದ ಮೇಲೆ ಮತ್ತೆ ಆಡಿದರು, ಡಬಲ್ಸ್ ಮಾತ್ರ ಅನ್ನುವ ಷರತ್ತಿನ ಮೇಲೆ. ಷರತ್ತು ಪಾಲಿಸುತ್ತಿದ್ದಾರಾ ಅನ್ನುವುದರ ಬಗ್ಗೆ ನನಗೆ ಅನುಮಾನ ಇದೆ.

ಮಂಡಿಯನ್ನೇ ಬದಲಿಸುವ ಮಾತು: ನಿಂತ ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗಿದೆ, ಬೀಳುವ ಮೊದಲೂ ನೋವಿತ್ತು, ರಾತ್ರಿ ನಿದ್ದೆ ಕೆಡುತ್ತಿತ್ತು ಅನ್ನುವವರಿಗೆ ಅದೇ ಸರಿ. ತಮಾಷೆ ಏನು ಗೊತ್ತಾ, ಪೂರ್ತಿ ಮಂಡಿ ಬದಲಿಸುವಾಗ ಎಸಿಎಲ್ ಚೆನ್ನಾಗಿದ್ದರೂ ಸಾಮಾನ್ಯವಾಗಿ ನಾವೇ ಅದನ್ನು ಕತ್ತರಿಸಿ ತೆಗೆಯುತ್ತೇವೆ. ಹೊಸ ಕೀಲಿನ ಆಕಾರವೇ ಅದರ ಕೆಲಸ ಮಾಡುತ್ತದೆ. ಹಾಗಾಗಿ ಪೂರ್ತಿ ಸವೆದ ಮಂಡಿಗೆ ಮೊದಲು ಎಸಿಎಲ್ ಹಾಕಿಸಿ, ಆಮೇಲೆ ಮಂಡಿ ಬದಲಿಸುವುದು ಅಂದರೆ ಕೆಡವಲಿರುವ ಮನೆಗೆ ಸುಣ್ಣ ಹೊಡೆದ ಹಾಗೆ. ಅರ್ಧ ಮಂಡಿ ಬದಲಿಸುವ ಆಪರೇಷನ್ ಬೇರೆ, ಅದಕ್ಕೆ ಎಸಿಎಲ್ ಗಟ್ಟಿ ಇರಬೇಕು ಅನ್ನುವುದು ನಾವು ನೋಡುವ ಷರತ್ತು. ಎಂಸಿಎಲ್ ಸಡಿಲವಾಗಿಯೇ ಉಳಿದಿದ್ದರೆ ಪೂರ್ತಿ ಮಂಡಿಯಲ್ಲೂ ಪಕ್ಕಕ್ಕೆ ವಾಲದಂತೆ ಹಿಡಿಯುವ ಬೇರೆ ನಮೂನೆ ಬೇಕಾಗುತ್ತದೆ. ನಿಮ್ಮ ತಾಯಿಗೆ ಸವೆತ "ಶುರುವಾಗಿದೆ" ಅಂತ ಮಾತ್ರ ಇರುವಾಗ ಇದಕ್ಕೆ ಕೈ ಹಾಕುವುದು ತೀರಾ ಮುಂಚೆ.

ಇಂಜೆಕ್ಷನ್ ಸಾಕಾಗುವುದಿಲ್ಲವಾ ಅಂತ ಕೇಳುವವರೂ ಇದ್ದಾರೆ. ರೋಗಿಯ ರಕ್ತದಿಂದಲೇ ತೆಗೆದು ಕೊಡುವ ಪ್ಲೇಟ್‌ಲೆಟ್ ಇಂಜೆಕ್ಷನ್ ಪೂರ್ತಿ ಹರಿದ ಎಸಿಎಲ್ ಅನ್ನು ಕೂಡಿಸುವುದಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸುತ್ತದೆ, ಆದರೆ ಶುಗರ್ ಏರಿಸುತ್ತದೆ, ಅದಾದ ಮೂರು ತಿಂಗಳೊಳಗೆ ಮಂಡಿ ಬದಲಿಸಿದರೆ ಸೋಂಕಿನ ಅಪಾಯ ಹೆಚ್ಚು.

ನಿಧಾನ ಮಾಡಬಾರದ ಕೆಲವು ಇವೆ. ಮಲಗಿಕೊಂಡು ಮಂಡಿ ಮಡಚದೆ ಕಾಲು ಎತ್ತಲು ಹೇಳಿ. ಹಿಮ್ಮಡಿ ಹಾಸಿಗೆಯಿಂದ ಏಳುವುದೇ ಇಲ್ಲ ಅಂದರೆ ಮಂಡಿಚಿಪ್ಪಿನ ಮೇಲಿನ ದಪ್ಪ ನಾರು ಕಿತ್ತಿರಬಹುದು. ಹಿರಿಯರು ಬಿದ್ದಾಗ ಇದು ಆಗುತ್ತದೆ, ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ ಅಂತ ಮನೆಗೆ ಕಳಿಸಿಬಿಟ್ಟಿರುತ್ತಾರೆ, ಇದಕ್ಕೆ ಮಾತ್ರ ಎರಡು ಮೂರು ವಾರದೊಳಗೆ ಆಪರೇಷನ್ ಆಗಬೇಕು. ನಿಮ್ಮ ತಾಯಿ ನಡೆಯುತ್ತಿದ್ದಾರೆ ಅಂದರೆ ಬಹುಶಃ ಇದಿಲ್ಲ, ಆದರೂ ಒಮ್ಮೆ ನೋಡಿ. ಮೀನಖಂಡ ಊದಿ ಬಿಗಿದು ನೋಯುತ್ತಿದ್ದರೆ, ಪಾದ ತಣ್ಣಗಾಗಿದ್ದರೆ, ಮಂಡಿ ಬಿಸಿಯಾಗಿ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಕೈಯಿಟ್ಟು ನೋಡದೆ ಇಷ್ಟು ಹೇಳಬಹುದು: ನಿಂತು ಎಕ್ಸ್‌ರೇ ತೆಗೆಸಿ, ತೊಡೆ ಅಳೆದು ಬರೆದಿಟ್ಟುಕೊಳ್ಳಿ, ಮೂರು ತಿಂಗಳು ವ್ಯಾಯಾಮ ಮಾಡಿಸಿ, ಮಂಡಿ ಜಾರಿದ ದಿನ ಏನು ಮಾಡುತ್ತಿದ್ದರು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಿರುಗುವಾಗಲೋ ಇಳಿಯುವಾಗಲೋ, ಆಮೇಲೆ ಊದಿತೋ ಇಲ್ಲವೋ. ಆ ಕ್ಯಾಲೆಂಡರ್ ಹಿಡಿದುಕೊಂಡು ಮತ್ತೆ ಡಾಕ್ಟರ ಹತ್ತಿರ ಹೋಗಿ, ಎಂಆರ್‌ಐಗಿಂತ ಮೊದಲು ಅದನ್ನು ತೋರಿಸಿ.

ಹಾಂ, ಇನ್ನೊಂದು. ಮೆಟ್ಟಿಲು ಮುಗಿಯಿತು ಅಂದುಕೊಂಡರು ಅಂತ ಬರೆದಿದ್ದೀರಲ್ಲ, ಆವತ್ತು ಯಾವ ಕನ್ನಡಕ ಹಾಕಿದ್ದರು? ಕೆಳಗಿನ ಅರ್ಧ ಓದುವುದಕ್ಕೆ ಇರುವ ಕನ್ನಡಕವಾದರೆ, ಅದರಲ್ಲಿ ಬಗ್ಗಿ ನೋಡಿದಾಗ ಮೆಟ್ಟಿಲು ಮಸುಕಾಗಿ, ಇರುವ ಜಾಗ ಬಿಟ್ಟು ಬೇರೆ ಕಡೆ ಕಾಣುತ್ತದೆ. ಮೆಟ್ಟಿಲಿಗೆ, ಹೊರಗೆ ಓಡಾಡುವುದಕ್ಕೆ ದೂರ ನೋಡುವುದಕ್ಕೆ ಮಾತ್ರ ಇರುವ ಬೇರೆ ಕನ್ನಡಕ ಮಾಡಿಸಿ. ಕೊನೆಯ ಮೆಟ್ಟಿಲ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸಿ, ಅಲ್ಲೊಂದು ದೀಪ ಹಾಕಿಸಿ. ಅದನ್ನು ಇವತ್ತು ಸಂಜೆಯೇ ಮಾಡಬಹುದು.